ಇಡೀ ಒಂದು ಜೀರಂಗಿ

ನನ್ನ ಟ್ರಂಕಿನ ಮೂಲೆಯಲ್ಲಿ, ದಿನಚರಿ ಪುಸ್ತಕಗಳ ಪಕ್ಕದಲ್ಲಿ, ಒಂದು ಖಾಲಿ ಬೆಂಕಿಪೊಟ್ಟಣ ಇದೆ. ಓದಲೆಂದು ಹಡಗಲಿಗೆ ಬಂದು ಈ ಬಾಡಿಗೆ ಕೋಣೆ ಹಿಡಿದಾಗ ಅದೂ ನನ್ನ ಜೊತೆ ಬಂದಿತು. ಮೊನ್ನೆ ಸಂಜೆ ಸ್ಟೋವ್ ಹಚ್ಚಲು ಕಡ್ಡಿ ಸಿಗದೆ ನನ್ನ ಜೊತೆಗಾರ ವೀರೇಶ ಎಲ್ಲ ಕಡೆ ತಡಕಾಡಿ, ಕೊನೆಗೆ ಅಂದು ನಾನು ಬೀಗ ಹಾಕಲು ಮರೆತಿದ್ದ ಟ್ರಂಕಿಗೂ ಕೈ ಹಾಕಿ, ಅದನ್ನು ತೆಗೆದು ದೊಡ್ಡ ನಿಧಿ ಸಿಕ್ಕವನಂತೆ ಕುಣಿದ. ತೆರೆದು ನೋಡಿದರೆ ಒಳಗೆ ಏನೂ ಇಲ್ಲ.

"ಏನ್ಲೇ ಮಂಜ, ಖಾಲಿ ಪೆಟ್ಟಿಗಿನ ಟ್ರಂಕಿನ್ಯಾಗ ಇಟ್ಟು ಬೀಗ ಹಾಕ್ತಿಯಲ್ಲ, ಇದರಾಗ ಏನರ ಬಂಗಾರ ಇತ್ತೇನು?"

"ಬಂಗಾರದ ಬಣ್ಣದ್ದು ಇತ್ತು. ಇಡು ಅಲ್ಲಿ" ಎಂದೆ.

ವೀರೇಶ ಪಕ್ಕದ ಕೋಣೆಯಿಂದ ಕಡ್ಡಿ ತಂದು ಸ್ಟೋವ್ ಹಚ್ಚಿದ. ಅನ್ನ ಬೇಯುವವರೆಗೆ ನಾನು ಅವನಿಗೆ ನಮ್ಮ ಮನೆಯ ಪ್ರಾಣಿಗಳ ಕತೆ ಹೇಳಿದೆ. ಅನ್ನ ತಳ ಹಿಡಿಯಿತು. ಆ ಕತೆಯನ್ನೇ ಈಗ ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಒಲೆಯ ಮೇಲೆ ಏನಾದರೂ ಇದ್ದರೆ ಮೊದಲು ಇಳಿಸಿಬಿಡಿ.

ನಾನು ಚಿಕ್ಕಂದಿನಿಂದ ಲೆಕ್ಕದ ಮನುಷ್ಯ. ಮಳೆ ಯಾವತ್ತು ಬಂತು, ಕೋಳಿ ಯಾವತ್ತು ಕಾವಿಗೆ ಕೂತಿತು, ಅಪ್ಪ ಯಾವತ್ತು ಬೀಡಿ ಬಿಟ್ಟ, ಯಾವತ್ತು ಮತ್ತೆ ಹಿಡಿದ, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ ನನಗೆ. ಕೊನೆಯ ಎರಡು ಸಂಗತಿಗಳಿಗೆ ಒಂದೇ ತಾರೀಖು ಬಿದ್ದದ್ದೂ ಉಂಟು. ಆದರೆ ಇಷ್ಟು ಲೆಕ್ಕ ಇಟ್ಟ ನನಗೂ ಒಂದು ಪ್ರಶ್ನೆಗೆ ಉತ್ತರ ಬರೆಯಲು ಆಗಿರಲಿಲ್ಲ: ಕೊಟ್ಟೂರಿನ ನಮ್ಮ ಮನೆಯಲ್ಲಿ ಒಟ್ಟು ಎಷ್ಟು ಪ್ರಾಣಿಗಳಿದ್ದವು?

ಬೇರೆ ಮನೆಯಾಗಿದ್ದರೆ ಎಣಿಸಿ ಹೇಳಬಹುದಿತ್ತು. ನಮ್ಮಲ್ಲಿ ಆಗುತ್ತಿರಲಿಲ್ಲ. ಯಾಕೆಂದರೆ ನಮ್ಮ ಮನೆಯ ಒಂದು ಪ್ರಾಣಿಯೂ ಪೂರ್ತಿ ನಮ್ಮದಾಗಿರಲಿಲ್ಲ. ಎಲ್ಲವೂ ಪಾಲಿನವು. ನಮ್ಮ ಕಡೆ ಈ ಪದ್ಧತಿ ಎಲ್ಲರಿಗೂ ಗೊತ್ತು: ಪ್ರಾಣಿ ಒಬ್ಬರದು, ಸಾಕುವವರು ಇನ್ನೊಬ್ಬರು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ನಮ್ಮ ಆಡು ಹೊಸಹಳ್ಳಿಯಲ್ಲಿದ್ದ ನಮ್ಮ ಸೋದರಮಾವನದು. ಅದಕ್ಕೆ ಸೊಪ್ಪು ತರುವವರು ನಾವು, ನಮ್ಮ ಅಂಗಳದಲ್ಲಿ ಹಿಕ್ಕೆ ಹಾಕುವುದು ಅದು, ಮರಿ ಹಾಕಿದ ಸುದ್ದಿ ಹೋದ ಮರುದಿನದ ಬಸ್ಸಿಗೇ ಇಳಿಯುವವನು ಮಾವ. ಕೋಳಿ ನಮ್ಮದು, ಆದರೆ ತತ್ತಿ ಪಕ್ಕದ ಮನೆಯ ಮಾಬವ್ವನದು. ಮಾಬವ್ವನ ಗಂಡ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಅವರ ಮನೆಯ ಕೋಳಿಗಳು ತತ್ತಿ ಇಡುವುದರಲ್ಲಿ ಗಟ್ಟಿ, ಕಾವಿಗೆ ಕೂರುವುದೆಂದರೆ ಆಗದು. ನಮ್ಮ ಕೋಳಿ ಕಲ್ಲು ಇಟ್ಟರೂ ಕಾವು ಕೊಡುವ ಜಾತಿಯದು. ಹೀಗಾಗಿ ಅವರ ತತ್ತಿ ನಮ್ಮ ಕೋಳಿಯ ಕೆಳಗೆ ಬರುತ್ತಿತ್ತು, ಮರಿಗಳು ಇಬ್ಬರಿಗೂ ಹಂಚಿಹೋಗುತ್ತಿದ್ದವು.

ಪಂಚಾಯ್ತಿ ಆಫೀಸಿನಲ್ಲಿ ಅಟೆಂಡರ್ ಆಗಿದ್ದ ಅಪ್ಪನಿಗೆ ಒಂದು ಗಿಳಿ ಇತ್ತು. ಅದಾದರೂ ನಮ್ಮದಲ್ಲವೇ ಎಂದರೆ, ಪಂಜರ ಅಪ್ಪನ ಆಫೀಸಿನ ಗುಮಾಸ್ತರದು. ಅವರು ರವಿವಾರ ರವಿವಾರ ಬಂದು, ಪಂಜರದ ಎದುರು ಕುರ್ಚಿ ಹಾಕಿಸಿಕೊಂಡು, ಚಹಾ ಕುಡಿದು, "ನಮ್ಮ ಗಿಳಿ ಸ್ವಲ್ಪ ಇಳದೈತಿ ಅಲ್ರಿ" ಎಂದು ಹೇಳಿ ಹೋಗುತ್ತಿದ್ದರು. ಬೆಕ್ಕು ಅಜ್ಜಿಯ ಕಂಬಳಿಯ ಮೇಲೆ ಮಲಗುತ್ತಿತ್ತು, ಊಟಕ್ಕೆ ಮಾಬವ್ವನ ಮನೆಗೆ ಹೋಗುತ್ತಿತ್ತು. ನಾಯಿಯ ಮಾತಂತೂ ಬೇಡ. ಅದಕ್ಕೆ ಓಣಿಯ ಪ್ರತಿ ಮನೆಯಲ್ಲೂ ಒಂದೊಂದು ಹೆಸರು. ರೊಟ್ಟಿ ಹಿಡಿದು ಯಾವ ಹೆಸರಿನಿಂದ ಕರೆದರೂ ಓಡಿಬರುತ್ತಿತ್ತು. ಕಳ್ಳ ಬಂದ ದಿನ ಮಾತ್ರ ಯಾವ ಹೆಸರಿಗೂ ಓಗೊಡಲಿಲ್ಲ.

ಈ ಅರ್ಧರ್ಧಗಳ ನಡುವೆ ನಾವು ಸುಖವಾಗಿಯೇ ಇದ್ದೆವು. ನನ್ನ ತಂಗಿ ಗಂಗಿಯ ಕುಂಟ ಕೋಳಿಮರಿಯ ಪ್ರಕರಣ ಆಗುವವರೆಗೆ.

ಆಗ ನಾನು ಒಂಬತ್ತನೆಯ ಇಯತ್ತೆ. ಗಂಗಿಗೆ ಆರು ವರ್ಷವಿರಬೇಕು. ಆ ಸಲದ ಮರಿಗಳಲ್ಲಿ ಒಂದಕ್ಕೆ ಕಾಲು ಸೊಟ್ಟ. ಗಂಗಿ ಅದನ್ನು ಲಂಗದ ಮಡಿಲಲ್ಲಿ ಹೊತ್ತು ತಿರುಗಿದಳು, ನುಚ್ಚು ತಿನ್ನಿಸಿದಳು, ರಾಣಿ ಎಂದು ಹೆಸರಿಟ್ಟಳು. ಮರಿಗಳು ತಾಯಿಯನ್ನು ಬಿಟ್ಟು ಮೇಯುವಷ್ಟಾದ ಮೇಲೆ ಪಾಲು ಮಾಡುವ ದಿನ ಬಂತು. ನಮ್ಮ ಅವ್ವ ಮತ್ತು ಮಾಬವ್ವ ಅಂಗಳದಲ್ಲಿ ಎದುರು ಬದುರು ಕೂತು, ಒಬ್ಬರಾದ ಮೇಲೊಬ್ಬರು ಒಂದೊಂದು ಮರಿ ಆರಿಸಿಕೊಂಡರು. ಆರಿಸುವವರು ಕಾಲು ನೆಟ್ಟಗಿದ್ದವನ್ನೇ ಆರಿಸುತ್ತಾರಲ್ಲ, ಕೊನೆಗೆ ರಾಣಿ ಒಂದೇ ಉಳಿಯಿತು. ಬೆಸ ಮರಿ.

"ನೀನ ಇಟ್ಕೊಳವ್ವಾ, ಸಾಕಿದಾಕಿ ನೀನು" ಎಂದಳು ಮಾಬವ್ವ.

"ಛೆ ಛೆ, ತತ್ತಿ ನಿಂದು. ನೀನ ಒಯ್ಯಿ" ಎಂದಳು ಅವ್ವ.

ಕುಂಟ ಮರಿ ಇಬ್ಬರಿಗೂ ಬೇಡವಾಗಿತ್ತು, ಹಾಗೆಂದು ಬಾಯಿಬಿಟ್ಟು ಹೇಳುವ ಜನ ಇಬ್ಬರೂ ಅಲ್ಲ. ಬಾಗಿಲಲ್ಲಿ ನಿಂತಿದ್ದ ಗಂಗಿ "ನನಗ ಕೊಡ್ರಿ" ಎಂದದ್ದು ಆ ಮರ್ಯಾದೆಯ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ರಾಣಿ ಇಬ್ಬರಿಗೂ ಸೇರಿದ್ದು ಎಂದು ತೀರ್ಮಾನವಾಯಿತು. ಅದು ಎರಡೂ ಅಂಗಳಗಳಲ್ಲಿ ಕುಂಟುತ್ತಾ ದೊಡ್ಡದಾಯಿತು. ಮುಂದೊಂದು ರವಿವಾರ ಮಾಬವ್ವನ ಮನೆಗೆ ಹರಪನಹಳ್ಳಿಯಿಂದ ಬೀಗರು ಬಂದರು. ಮಧ್ಯಾಹ್ನ ಮಾಬವ್ವ ತಟ್ಟೆ ಮುಚ್ಚಿದ ಬೋಗುಣಿ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಬರಾಬರಿ ಅರ್ಧ ತಂದೀನಿ ನೋಡವ್ವಾ, ಕಾಲೂ ಒಂದೊಂದು" ಎಂದಳು. ಪಾಲಿನಲ್ಲಿ ಮೋಸವಿಲ್ಲ ಎಂಬ ಹೆಮ್ಮೆ ಅವಳ ಮುಖದಲ್ಲಿತ್ತು.

ಅವ್ವ ಬೋಗುಣಿ ತೆರೆದಳು. ಗಂಗಿ ಹತ್ತಿರ ಬಂದು ನೋಡಿದಳು. ಆಮೇಲೆ ಅಂಗಳಕ್ಕೆ ಹೋಗಿ "ರಾಣೀ, ಬಾ ಬಾ ಬಾ" ಎಂದು ಕರೆದಳು. ಎಲ್ಲ ಕೋಳಿಗಳೂ ಬಂದವು. ಮಾಬವ್ವನ ಕೈ ಬಾಯಿಗೆ ಹೋಯಿತು.

"ಯಾ ಅಲ್ಲಾ! ಕೂಸು ಸಾಕ್ಯಾಳಂತ ನನಗೇನು ಗೊತ್ತವ್ವಾ!"

ಆ ಬೋಗುಣಿ ಹಾಗೇ ವಾಪಸು ಹೋಯಿತು. ಸಂಜೆ ಗಂಗಿ ಅಪ್ಪನ ಮುಂದೆ ನಿಂತು, ಅತ್ತು ಬಾತ ಮುಖದಲ್ಲಿ, ಒಂದೇ ಮಾತು ಹೇಳಿದಳು.

"ನನಗ ಇಡೀ ಒಂದು ಬೇಕು. ಅರ್ಧ ಬ್ಯಾಡ."

"ಇಡೀ ಒಂದು ಏನವ್ವಾ?"

"ಏನರ. ಜೀವ ಇದ್ದದ್ದು. ಯಾರೂ ಅರ್ಧ ಕೇಳಬಾರ್ದು."

ಅಪ್ಪ ಬೀಡಿ ಆರಿಸಿ, ಗಂಟಲು ಸರಿಮಾಡಿಕೊಂಡು, ತನ್ನ ಸಾಹೇಬರು ಅರ್ಜಿದಾರರಿಗೆ ಹೇಳುವ ಧಾಟಿಯಲ್ಲಿ "ಪರಿಶೀಲಿಸೋಣ" ಎಂದ. ಆಫೀಸಿನಲ್ಲಿ ಆ ಮಾತಿಗೆ ಏನು ಅರ್ಥವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಂಗಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಬಂದು "ಪರಿಶೀಲಿಸಿದ್ಯಾ?" ಎಂದು ಕೇಳಿದಳು. ಆಫೀಸಿನಲ್ಲಿ ಯಾವ ಅರ್ಜಿದಾರನೂ ಹೀಗೆ ಮಾಡಿರಲಿಲ್ಲವಾದ್ದರಿಂದ ಅಪ್ಪ ಗಾಬರಿಯಾದ.

ಹೀಗೆ ಪ್ರಾಣಿ ಹುಡುಕುವ ಕೆಲಸ ಶುರುವಾಯಿತು. ದೊಡ್ಡವರೆಲ್ಲ ಅವಳ ಮೇಲಿನ ಪ್ರೀತಿಯಿಂದಲೇ ಮುಂದೆ ಬಂದರು, ಅದರಲ್ಲಿ ಸಂಶಯವಿಲ್ಲ. ಆದರೆ ಒಂದು ವಸ್ತುವನ್ನು ಪೂರ್ತಿ ಕೊಡುವುದು ಹೇಗೆಂದು ಅವರಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

ಮೊದಲು ಬಂದವನು ಮಾವ. ಸುದ್ದಿ ಕೇಳಿ ಹೊಸಹಳ್ಳಿಯಿಂದ ಬಂದವನೇ, ಆಡಿನ ಕರಿ ಮರಿಯೊಂದನ್ನು ಎತ್ತಿ ಗಂಗಿಯ ತೋಳಿಗೆ ಕೊಟ್ಟ. "ತಗೋ ನನ್ನವ್ವಾ, ಇದು ನಿಂದು. ಅಳಬ್ಯಾಡ. ನಿನಗಂತನ ಕೊಟ್ಟೆ." ಗಂಗಿ ಮರಿಯ ಕಿವಿಗೆ ಮುತ್ತಿಟ್ಟಳು. ಮಾವ ಸಮಾಧಾನದಿಂದ ಎಲೆಅಡಿಕೆ ಹಾಕಿಕೊಂಡು ಮುಂದುವರಿಸಿದ. "ಚೆಂದಾಗಿ ಮೇಯಿಸು. ಮುಂದ ಇದು ಮರಿ ಹಾಕಿದ್ರ ಅರ್ಧ ನಿನಗ, ಅರ್ಧ ನನಗ." ಗಂಗಿ ಮರಿಯನ್ನು ಕೆಳಗಿಟ್ಟಳು. ತಾನು ಏನು ತಪ್ಪು ಹೇಳಿದೆನೆಂದು ಮಾವನಿಗೆ ಬಸ್ಸು ಹತ್ತುವವರೆಗೂ ಹೊಳೆಯಲಿಲ್ಲ.

ರಾಣಿಯ ವಿಷಯದಲ್ಲಿ ಮನಸ್ಸು ಕಹಿಯಾಗಿದ್ದ ಮಾಬವ್ವ ತನ್ನ ಮಗನ ಗೂಡಿನಿಂದ ಒಂದು ಬಿಳಿ ಪಾರಿವಾಳ ತಂದಳು. "ಇದರಾಗ ನಮ್ಮದು ಏನೂ ಇಲ್ಲವ್ವಾ ಗಂಗೂ. ಗರಿ ಸೈತ ನಿಂದ" ಎಂದು ಎಲ್ಲರ ಮುಂದೆ ಹೇಳಿದಳು. ಮಾತಿಗೆ ತಪ್ಪುವ ಹೆಂಗಸು ಅವಳಲ್ಲ. ಪಾರಿವಾಳಕ್ಕೆ ಮಾತ್ರ ಈ ಒಪ್ಪಂದ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಬುಟ್ಟಿ ಎತ್ತಿದ ಕೂಡಲೇ ಅದು ನಮ್ಮ ಮಾಳಿಗೆಯ ಮೇಲೆ ಒಂದು ಸುತ್ತು ಹಾಕಿ, ಗೋಡೆ ದಾಟಿ ಮಾಬವ್ವನ ಮನೆಯ ಗೂಡಿನಲ್ಲಿ ಕೂತಿತು. ಮಾಬವ್ವ ವಾಪಸು ತಂದಳು. ಅದು ವಾಪಸು ಹೋಯಿತು. ಪ್ರತಿ ಸಲದ್ದನ್ನೂ ನಾನು ಗೆರೆ ಎಳೆದು ಗುರುತು ಹಾಕಿಕೊಂಡೆ, ಪುಟ ತುಂಬುತ್ತಾ ಬಂದಾಗ ಗಂಗಿಯೇ "ಬಿಡ್ರಿ, ಅದಕ್ಕ ಅಲ್ಲೇ ಇಷ್ಟ ಐತಿ" ಎಂದಳು.

ಆಮೇಲೆ ಅಪ್ಪನ ಸರದಿ. ಅವನು ಕೆರೆಯಿಂದ ಎರಡು ಸಣ್ಣ ಮೀನು ಹಿಡಿಸಿ, ಗಾಜಿನ ಬಾಟಲಿಯಲ್ಲಿ ಹಾಕಿ, ಕಿಟಕಿಯಲ್ಲಿಟ್ಟ. ಬಾಟಲಿ ನಮ್ಮದೇ ಎಂದು ಮೂರು ಮೂರು ಸಲ ಖಾತ್ರಿಪಡಿಸಿದ. ಸಂಜೆಯೊಳಗೆ ಬಾಟಲಿ ಮಗುಚಿತ್ತು, ಬೆಕ್ಕು ಅಜ್ಜಿಯ ಕಂಬಳಿಯ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿತ್ತು.

"ನಿನ್ನ ಬೆಕ್ಕು ನೋಡಬೇ ಏನ್ ಮಾಡೈತಿ!" ಎಂದು ಅಪ್ಪ ಅಜ್ಜಿಯ ಮೇಲೆ ಹರಿಹಾಯ್ದ.

ಅಜ್ಜಿ ಕುಳಿತಲ್ಲಿಂದ ಏಳಲಿಲ್ಲ. "ನಂದೇನು ಪೂರಾ ಬೆಕ್ಕಾ? ಮಲಗಾದು ನಂದು, ತಿನ್ನಾದು ಮಾಬವ್ವಂದು. ಮೀನ ತಿಂದದ್ದು ಆಕಿ ಅರ್ಧ. ಆಕೀನ್ನ ಕೇಳು ಹೋಗು."

ಇಂಥ ತೀರ್ಪಿನ ಮೇಲೆ ಮೇಲಿನ ಕೋರ್ಟು ಯಾವುದೂ ಇಲ್ಲ. ಅಪ್ಪ ಬೀಡಿ ಹಚ್ಚಿದ.

ಆಗ ನಾನು ಕೈ ಹಾಕಿದೆ. ಇವರೆಲ್ಲ ಕ್ರಮವಿಲ್ಲದೆ ಹುಡುಕುತ್ತಿದ್ದಾರೆ, ವೈಜ್ಞಾನಿಕ ದೃಷ್ಟಿ ಇಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಹೈಸ್ಕೂಲಿನಲ್ಲಿ ಆಗ ತಾನೇ ಕೋಷ್ಟಕ ಹಾಕುವುದನ್ನು ಕಲಿತಿದ್ದೆ, ಕೋಷ್ಟಕಕ್ಕೆ ಬಗ್ಗದ ಸಂಗತಿ ಭೂಮಿಯ ಮೇಲಿಲ್ಲವೆಂದು ನಂಬಿದ್ದೆ. ಸ್ಕೇಲು ಇಟ್ಟು ಗೆರೆ ಎಳೆದು ಮೂರು ಕಾಲಮು ಮಾಡಿದೆ. ಪ್ರಾಣಿ ಏನು ತಿನ್ನುತ್ತದೆ, ಪ್ರಾಣಿಯನ್ನು ಮನೆಯಲ್ಲಿ ಯಾವುದು ತಿನ್ನುತ್ತದೆ, ಯಾರು ಪಾಲು ಕೇಳುತ್ತಾರೆ. ಮೊಲ ಎರಡನೆಯ ಕಾಲಮಿನಲ್ಲಿ ನಾಯಿಗೆ ಬಿತ್ತು. ಅಳಿಲು ಬೆಕ್ಕಿಗೆ ಬಿತ್ತು. ಕುರಿಮರಿ ಮೂರನೆಯದರಲ್ಲಿ ಮಾವನಿಗೆ ಬಿತ್ತು. ಆಮೆ ಎಲ್ಲದರಲ್ಲೂ ಪಾಸಾಯಿತು, ಆದರೆ ಕೊಟ್ಟೂರಿನಲ್ಲಿ ಆಮೆ ಎಲ್ಲಿ ತರುವುದು? ಹಲವಾಗಲಿನ ಹೊಳೆಗೆ ಹೋಗಬೇಕು. ಕೊನೆಗೆ ನನ್ನ ಕೋಷ್ಟಕದಿಂದ ಗೆದ್ದುಬಂದ ಪ್ರಾಣಿಯ ಹೆಸರನ್ನು ಗಂಭೀರವಾಗಿ ಘೋಷಿಸಿದೆ.

"ಇರುವೆ."

ಗಂಗಿ ನನ್ನ ಕೋಷ್ಟಕದ ಮೇಲೆ ಬಗ್ಗಿದಳು. "ಇರುವಿ ಗುಂಪಿನ್ಯಾಗ ಹೋದ್ರ ನಂದು ಯಾವುದಂತ ಹೆಂಗ ಗೊತ್ತಾಗ್ತತಿ?"

ನಾನು ನಾಲ್ಕನೆಯ ಕಾಲಮಿಗೆ ಜಾಗ ಬಿಟ್ಟಿರಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ತಟ್ಟುವುದನ್ನು ನಿಲ್ಲಿಸದೆಯೇ, "ಇಷ್ಟು ಶಾಣ್ಯಾ ಮಗ ಅದಾನ ಮನ್ಯಾಗ. ಇವನ್ನ ಸಾಕ್ಕೋ, ಇವನ್ನ ಯಾರೂ ಅರ್ಧ ಕೇಳಾದಿಲ್ಲ" ಎಂದಳು.

ಹೀಗೆ ದೊಡ್ಡವರು, ಓದಿದವರು ಎಲ್ಲರೂ ಸೋತ ಮೇಲೆ ಗಂಗಿ ತಾನೇ ಹುಡುಕಿಕೊಂಡಳು. ಗಣಪತಿ ಹಬ್ಬದ ಹೊತ್ತಿಗೆ ಬಿದ್ದ ಮಳೆಗೆ ರೈಲು ಹಳಿಯ ಆಚೆಯ ಜಾಲಿಗಳೆಲ್ಲ ಚಿಗುರಿದ್ದವು. ಅಲ್ಲಿಂದ ಅವಳು ಎರಡೂ ಕೈ ಮುಚ್ಚಿಕೊಂಡು ಬಂದಳು. ಬೆರಳ ಸಂದಿನಿಂದ ನೋಡಿದರೆ ಜೀರಂಗಿ! ಚಿಕ್ಕವರಿದ್ದಾಗ ನೀವೂ ಹಿಡಿದಿರುತ್ತೀರಿ. ಕತ್ತಿನ ಮೇಲೆ ಹಸಿರು ಬಂಗಾರ ಮೆತ್ತಿದಂಥ ಹೊಳಪು, ಬೆನ್ನಿಗೆ ಕಂದು ರೆಕ್ಕೆಯ ಚಿಪ್ಪು, ಬೆರಳಿಗೆ ಕಚ್ಚಿಕೊಂಡರೆ ಬಿಡದ ಕಾಲುಗಳು. ನಮ್ಮ ವಯಸ್ಸಿನ ಗಂಡುಹುಡುಗರು ಅದರ ಕತ್ತಿಗೆ ದಾರ ಕಟ್ಟಿ ಹಾರಿಸುತ್ತಿದ್ದರು. ಗಂಗಿ ದಾರ ಕಟ್ಟಲು ಬಿಡಲಿಲ್ಲ.

ಅವಳಿಗೆ ಈಗ ಒಂದು ಪೆಟ್ಟಿಗೆ ಬೇಕಿತ್ತು. ಅಪ್ಪನ ಖಾಲಿ ಬೆಂಕಿಪೊಟ್ಟಣ ಕಿಟಕಿಯಲ್ಲಿತ್ತು. ಬೇರೆ ಮಕ್ಕಳಾಗಿದ್ದರೆ ಸುಮ್ಮನೆ ಎತ್ತಿಕೊಳ್ಳುತ್ತಿದ್ದರು. ಗಂಗಿ ಎತ್ತಿಕೊಳ್ಳಲಿಲ್ಲ. ಗಿಳಿಯ ಪಂಜರದ ಕತೆ ಅವಳಿಗೆ ಗೊತ್ತಿತ್ತು.

"ಅಪ್ಪಾ, ಈ ಪೆಟ್ಟಿಗಿ ಕೊಡ್ತಿಯೇನು?"

"ತಗೋ."

"ಹಂಗಲ್ಲ. ಪೂರಾ ಕೊಟ್ಟೆ ಅನ್ನು."

ಅಪ್ಪ ಬಾಯಿ ತೆರೆದು ತಡೆದ. ಆ ಮಾತನ್ನು ಅವನು ಜೀವಮಾನದಲ್ಲಿ ಆಡಿರಲಿಲ್ಲವೆಂದು ಕಾಣುತ್ತದೆ. ಅವ್ವನ ಕಡೆ ನೋಡಿದ. ಅವ್ವ ನಗು ತಡೆದುಕೊಂಡು ಒಲೆಯ ಕಡೆ ತಿರುಗಿದಳು. "ಪೂರಾ ಕೊಟ್ಟೆ, ತಗೋ ಮಾರಾಯ್ತಿ" ಎಂದ ಅಪ್ಪ, ಏನೋ ಆಸ್ತಿಗೆ ಸಹಿ ಹಾಕಿದವನಂತೆ ಬೆವರು ಒರೆಸಿಕೊಂಡ.

ಅದೇ ಹೊತ್ತಿಗೆ ಗೋಡೆಯ ಮೇಲಿಂದ ಮಾಬವ್ವ ಇಣುಕಿ, "ಜಾಲಿಸೊಪ್ಪು ಬೇಕಾದ್ರ ನಮ್ಮ ಹಿತ್ಲಾಗ ಗಿಡ ಐತಿ, ಕಿತ್ಕೋ ಗಂಗೂ" ಎಂದಳು. ಮಾಬವ್ವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ಆದರೂ ಗಂಗಿ ತಲೆಯಾಡಿಸಿ, ದಿನಾ ಬೆಳಿಗ್ಗೆ ಹಳಿಯ ಆಚೆಯವರೆಗೆ ನಡೆದು, ಯಾರದೂ ಅಲ್ಲದ ಜಾಲಿಯಿಂದ ಸೊಪ್ಪು ತಂದಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಗಂಗಿಯಷ್ಟು ದೊಡ್ಡ ಆಸ್ತಿವಂತರು ಯಾರೂ ಇರಲಿಲ್ಲ. ಜೀರಂಗಿಯನ್ನು ನೋಡಬೇಕೆಂದರೆ ಅವಳನ್ನು ಕೇಳಬೇಕು. ಕೇಳಿದರೆ ಪೆಟ್ಟಿಗೆಯನ್ನು ಕಾಲುಭಾಗ ತೆರೆದು, ನಾವು ಮುಖ ಹತ್ತಿರ ತರುವುದರೊಳಗೆ ಮುಚ್ಚುವಳು. ಗುಮಾಸ್ತರು ರವಿವಾರ ಬಂದಾಗ, "ಎಲ್ಲವ್ವ ನಮ್ಮ ಜೀರಂಗಿ?" ಎಂದು ತಮಾಷೆಗೆ ಕೇಳಿಬಿಟ್ಟರು. ಗಂಗಿ ಆ ದಿನ ಅವರಿಗೆ ಚಹಾ ಕೊಡಲು ಅವ್ವನಿಗೆ ಬಿಡಲಿಲ್ಲ.

ಶೇಂಗಾ ಕೀಳುವ ಕಾಲ ಬಂದಾಗ ಮಾವನಿಂದ ಹೇಳಿಕೆ ಬಂತು. ಅವ್ವ ಕೆಲಸಕ್ಕೆ ಕೈ ಹಾಕಲು ಹೊಸಹಳ್ಳಿಗೆ ಹೊರಟಳು. ಗಂಗಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ನನಗೆ ಪರೀಕ್ಷೆ ಇತ್ತು, ಅಜ್ಜಿಯ ಜೊತೆ ಉಳಿದೆ. ಅವರು ಹತ್ತಬೇಕಿದ್ದ ಕೂಡ್ಲಿಗಿ ಬಸ್ಸು ಸ್ಟಾರ್ಟ್ ಆಗಿ ನಡುಗುತ್ತಾ ನಿಂತಿತ್ತು. ಬೆಂಕಿಪೊಟ್ಟಣ ಹಿಡಿದ ಗಂಗಿ ಮೆಟ್ಟಿಲ ಮೇಲೆ ಕಾಲಿಟ್ಟವಳು ಇಳಿದಳು. ಮಾವನ ಅಂಗಳದ ತುಂಬ ಕೋಳಿಗಳು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಮಾವನಿದ್ದ.

"ಜಲ್ದಿ ಹತ್ತವ್ವಾ!" ಎಂದು ಕಂಡಕ್ಟರ್ ಕೂಗಿದ.

ಗಂಗಿ ನನ್ನ ಮುಖವನ್ನೇ ನೋಡಿದಳು. ಇಡೀ ಒಂದು ಜೀವ ತನ್ನದೇ ಆದರೆ, ತಾನಿಲ್ಲದಾಗ ಅದಕ್ಕೆ ಸೊಪ್ಪು ತರುವವರು ಯಾರೂ ಇರುವುದಿಲ್ಲ ಎಂಬುದು ಆಗ ಅವಳಿಗೆ ತಿಳಿದಿರಬೇಕು. ನನ್ನ ಕೈ ಹಿಡಿದೆಳೆದು ಪೆಟ್ಟಿಗೆಯನ್ನು ಅಂಗೈಯಲ್ಲಿಟ್ಟಳು.

"ಅಣ್ಣಾ, ಪಾಲಿಗೆ ಕೊಡ್ತೀನಿ. ತತ್ತಿ ಇಟ್ರ ಅರ್ಧ ನಿನಗ."

ಬಸ್ಸು ಹೋಯಿತು. ಕೈಯಲ್ಲಿದ್ದ ಪೆಟ್ಟಿಗೆ ಒಳಗಿನಿಂದ ಕರಕರ ಸದ್ದು ಮಾಡುತ್ತಿತ್ತು.

ನಾನು ಆ ಪರೀಕ್ಷೆಗೆ ಎಷ್ಟು ಓದಿದೆನೋ ಅದಕ್ಕಿಂತ ಹೆಚ್ಚು ಸಲ ಜಾಲಿಯ ಗಿಡಕ್ಕೆ ಹೋಗಿಬಂದೆ. "ಪಾಲುದಾರ ಏನ್ಮಾಡಾಕತ್ತಾನ?" ಎಂದು ಅಪ್ಪ ಆಫೀಸಿನಿಂದ ಬಂದವನೇ ನನ್ನ ಕುರಿತು ಅಜ್ಜಿಯನ್ನು ಕೇಳುತ್ತಿದ್ದ. ಅಜ್ಜಿ ಬೆಕ್ಕನ್ನು ಕಂಬಳಿಯೊಳಗೆ ಸುತ್ತಿ ಹಿಡಿದುಕೊಂಡೇ ಕೂರುತ್ತಿದ್ದಳು, ಎರಡೂ ಅರ್ಧಗಳನ್ನು. ಜೀರಂಗಿ ಸೊಪ್ಪು ತಿಂದಿತು, ಮೂಲೆಯಲ್ಲಿ ಜೋಳದ ಕಾಳಿನಂಥ ತತ್ತಿಗಳನ್ನಿಟ್ಟಿತು. ಆಮೇಲೊಂದು ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಸೊಪ್ಪು ಹಾಗೇ ಇತ್ತು. ಜೀರಂಗಿ ಕಾಲು ಮಡಚಿಕೊಂಡು ಬಿದ್ದಿತ್ತು. ಬಣ್ಣ ಮಾತ್ರ ಸ್ವಲ್ಪವೂ ಮಾಸಿರಲಿಲ್ಲ.

ಗಂಗಿ ಬಸ್ಸಿನಿಂದ ಇಳಿದ ಕೂಡಲೇ ನನ್ನ ಜೇಬು ನೋಡಿದಳು. ನಾನು ಹೇಳಿದೆ. ಅವಳು ಅಳಲಿಲ್ಲ.

"ತತ್ತಿ?"

"ಅದಾವು."

ಅಂದು ಸಂಜೆ ಅಂಗಳದಲ್ಲಿ ಪಾಲಾಯಿತು. ವಿಷಯ ತಿಳಿದು ಮಾಬವ್ವ ಗೋಡೆ ದಾಟಿ ಬಂದಳು, ಅಜ್ಜಿ ಕಂಬಳಿ ಸಮೇತ ಬಂದಳು. ಪಾಲಿನ ವಿಷಯದಲ್ಲಿ ಇಬ್ಬರೂ ಅನುಭವಸ್ಥರು. ನಾನು ಮತ್ತು ಗಂಗಿ ಎದುರು ಬದುರು ಕೂತು, ನಡುವೆ ಒಗೆಯುವ ಕಲ್ಲಿನ ಮೇಲೆ ತತ್ತಿಗಳನ್ನು ಸುರಿದೆವು. ಅವಳೊಂದು, ನಾನೊಂದು. ಅವಳೊಂದು, ನಾನೊಂದು. ಇಬ್ಬರ ಮುಂದೆಯೂ ಮೂರು ಮೂರಾದವು. ಕಲ್ಲಿನ ಮೇಲೆ ಒಂದು ಉಳಿಯಿತು.

ಅವ್ವ ಮಾಬವ್ವನ ಮುಖ ನೋಡಿದಳು, ಮಾಬವ್ವ ನೆಲ ನೋಡಿದಳು. ನಾನು ನಮ್ಮ ಮನೆಯ ಮಗ, ಪದ್ಧತಿ ನನಗೂ ಗೊತ್ತು. "ನೀನ ಇಟ್ಕ" ಎನ್ನಲು ಬಾಯಿ ತೆರೆದೆ.

"ಅದು ಯಾರ್ದೂ ಅಲ್ಲ" ಎಂದಳು ಗಂಗಿ.

"ಯಾರ್ದೂ ಅಲ್ಲಂದ್ರ ಹೆಂಗವ್ವಾ? ಒಬ್ಬರ್ದು ಆಗಬೇಕಲ್ಲ" ಎಂದಳು ಅಜ್ಜಿ.

"ಅದು ಅದರ್ದು."

ಎದ್ದು, ಆ ಒಂದು ತತ್ತಿಯನ್ನು ಅಂಗೈಯಲ್ಲಿ ಹಿಡಿದು, ಮಾಬವ್ವನ ಮುಂದೆ ನಿಂತಳು. "ನಿಮ್ಮ ಹಿತ್ಲ ಜಾಲಿಗಿಡದ ಬುಡಕ್ಕ ಇಡ್ಲೇನು?" ಮಾಬವ್ವ ಅವಳ ಕೈ ಹಿಡಿದು ಕರೆದೊಯ್ದಳು. ಗೋಡೆಯ ಆಚೆ ಇಬ್ಬರೂ ಕೂತು ಮಣ್ಣು ಕೆದರುವ ಸದ್ದು ಕೇಳಿತು. ಅವರ ಹಿಂದೆ ಹೋಗಲು ನೋಡಿದ ಕೋಳಿಯ ಮೇಲೆ ಅವ್ವ ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೆ ತಾನೇ ಕೂತಳು.

ವಾಪಸು ಬಂದ ಗಂಗಿಯ ಕೈ ಮಣ್ಣಾಗಿತ್ತು. ಕಲ್ಲಿನ ಮೇಲಿದ್ದ ಖಾಲಿ ಬೆಂಕಿಪೊಟ್ಟಣವನ್ನು ಲಂಗಕ್ಕೆ ಒರೆಸಿ ನನ್ನ ಮುಂದೆ ಹಿಡಿದಳು.

"ತಗ. ಪೂರಾ."

ಆ ಮನೆಯಲ್ಲಿ ಬೆಳೆದವನಾದ್ದರಿಂದ ನಾನು ಸುತ್ತ ಒಮ್ಮೆ ನೋಡಿದೆ. ಅಪ್ಪ, ಅಜ್ಜಿ, ಬುಟ್ಟಿಯ ಮೇಲೆ ಕೂತ ಅವ್ವ, ಗೋಡೆಯ ಮೇಲಿಂದ ಮಾಬವ್ವ, ಎಲ್ಲರೂ ಇದ್ದರು. ಯಾರೂ ಕೈ ಚಾಚಲಿಲ್ಲ.